ಆಯುಧಪೂಜೆಯ ಮರುದಿನ ಏಳದ ಕಂಪ್ಯೂಟರ್

ವಿಜಯದಶಮಿಯ ಬೆಳಗ್ಗೆ ನಾನು ಹುಳುಮನೆಯ ಬಾಗಿಲಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಕೊಚ್ಚುತ್ತಿದ್ದೆ. ರೇಷ್ಮೆಹುಳು ಎರಡನೇ ಜ್ವರ ಕಳೆದು ಎದ್ದಿದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಆಗ ಅವು ತಲೆ ಎತ್ತಿಕೊಂಡು ಅಲುಗದೆ ಕೂರುತ್ತವೆ, ಒಂದೆಲೆ ಮುಟ್ಟುವುದಿಲ್ಲ. ಎದ್ದ ಮೇಲೆ ಅವುಗಳ ಹಸಿವಿಗೆ ಹಬ್ಬವೂ ಇಲ್ಲ, ಹುಣ್ಣಿಮೆಯೂ ಇಲ್ಲ. ಹಿಂದಿನ ದಿನ ಪೂಜೆ ಮಾಡಿಸಿಕೊಂಡ ಕತ್ತಿಯ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು. ಅದನ್ನು ಒರೆಸಿಕೊಂಡೇ ಕೊಚ್ಚುತ್ತಿದ್ದೆ, ಹುಳುವಿಗೆ ಬಣ್ಣ ವಾಸನೆ ಯಾವುದೂ ಆಗುವುದಿಲ್ಲವಲ್ಲ.

ಒಳಗಿನಿಂದ ನನ್ನ ನಾದಿನಿ ಕೂಗಿದಳು. "ಅತ್ಗೇ, ಕಂಪ್ಯೂಟ್ರು ಏಳ್ತಿಲ್ಲ!"

ನನ್ನ ಕೈ ನಿಂತಿತು. ಬೆರಳಿಗೆ ತಾಗದೆ ನಿಂತದ್ದು ಆ ದಿನ ದೇವರು ಮಾಡಿದ ಮೊದಲ ಉಪಕಾರ ಎಂದು ಆಗಲೇ ಎಣಿಸಿಕೊಂಡೆ. ಹಾಗೆ ಎಣಿಸುವುದು ನನಗೆ ಚಿಕ್ಕಂದಿನಿಂದ ಬಂದ ಚಾಳಿ. ದೊಡ್ಡ ವರ ಕೇಳಲು ನನಗೆ ಬಾಯಿ ಬರುವುದಿಲ್ಲ, ಕೊಟ್ಟ ಸಣ್ಣದನ್ನು ಮರೆಯಲು ಮನಸ್ಸು ಬರುವುದಿಲ್ಲ.

ನಮ್ಮೂರು ಶಿಡ್ಲಘಟ್ಟದಿಂದ ಮೇಲೂರಿಗೆ ಹೋಗುವ ದಾರಿಯಲ್ಲಿದೆ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದ ಆ ಕಾಲದಲ್ಲಿ ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ, ಅದೂ ಯಾರೋ ಬಳಸಿ ಬಿಟ್ಟದ್ದು. ಅದು ನಾದಿನಿಯದು. ಮದುವೆಯಾದ ಮೂರನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಒಂದು ವರ್ಷ ಮೂಲೆಯಲ್ಲಿ ಕೂತಿದ್ದಳು. ಆಮೇಲೆ ಒಂದು ದಿನ ತಾನಾಗಿಯೇ ಎದ್ದು, "ಓದ್ತೀನಿ," ಎಂದಳು. ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಎಂಸಿಎ ಮುಗಿಸುವ ಹಂತಕ್ಕೆ ಬಂದಿದ್ದಳು. ಕೊನೆಗೆ ಉಳಿದಿದ್ದದ್ದು ಪ್ರಾಜೆಕ್ಟ್ ಒಂದೇ. ವಿಜಯದಶಮಿಯ ಮರುದಿನ ಹೊರಗಿನ ಪರೀಕ್ಷಕರು ಬರುವವರಿದ್ದರು. ಅವರ ಮುಂದೆ ಒಪ್ಪಿಸಿದರೆ ಆಯಿತು, ಇಲ್ಲದಿದ್ದರೆ ಇನ್ನೊಂದು ವರ್ಷ. ಚಿಂತಾಮಣಿಯ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವ ಕೆಲಸ ಕೊಡುತ್ತೇವೆಂದು ಹೇಳಿದ್ದರು, ಆದರೆ ಅವರು ವರ್ಷಗಟ್ಟಲೆ ಕಾಯುವವರಲ್ಲ.

ಪ್ರಾಜೆಕ್ಟಿನ ವಿಷಯ ನಮ್ಮ ಹುಳುಮನೆಯೇ. ಮೊಟ್ಟೆ ಒಡೆದ ದಿನ ಹೇಳಿದರೆ ಯಾವಾಗ ಯಾವ ಜ್ವರಕ್ಕೆ ಕೂರುತ್ತವೆ, ಎಷ್ಟು ಹೊತ್ತಿಗೆ ಸೊಪ್ಪು, ಚಳಿ ಹೆಚ್ಚಾದರೆ ಎಷ್ಟು ತಡ ಎಂದು ಕಂಪ್ಯೂಟರ್ ಹೇಳಬೇಕು. ಅದಕ್ಕೆ ಬೇಕಾದದ್ದನ್ನೆಲ್ಲ ಅವಳು ನನ್ನನ್ನು ಕೇಳಿ ಕೇಳಿ ಬರೆದುಕೊಂಡಿದ್ದಳು. "ಅತ್ಗೆ, ಹುಳ ಹಣ್ಣಾಗಿ ಗೂಡು ಕಟ್ಟೋ ಹಂಗಾಯ್ತು ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ?" ಎಂದು ಅವಳು, "ನೋಡಿದ್ರೆ ಗೊತ್ತಾಗಲ್ವೇನೇ?" ಎಂದು ನಾನು. ಕಣ್ಣು ನೋಡಿದ್ದನ್ನು ಅಂಕಿ ಮಾಡಿಕೊಡಲು ಇಬ್ಬರಿಗೂ ತಿಂಗಳುಗಟ್ಟಲೆ ಹಿಡಿಯಿತು.

ಅವಳ ಯಂತ್ರದಲ್ಲಿ ಮೊದಲು ಇದ್ದದ್ದು ಲಿನಕ್ಸ್, ಯಂತ್ರವನ್ನು ಎಬ್ಬಿಸಿ ನಡೆಸುವ ಸಿಸ್ಟಮ್. ಪಾಠ ಹೇಳುವವರು, "ಇದೇ ಜಾತಿಯ ಇನ್ನೊಂದು ಸಿಸ್ಟಮ್ ಮೇಲೂ ನಿನ್ನ ಪ್ರೋಗ್ರಾಮ್ ಓಡಿಸಿ ತೋರಿಸು," ಎಂದರಂತೆ. ಅವಳು ಗೌರಿಬಿದನೂರಿಗೆ ಹೋಗಿ, ಅಲ್ಲಿ ಸೈಬರ್ ಸೆಂಟರ್ ಇಟ್ಟವರ ಹತ್ತಿರ ಫ್ರೀಬಿಎಸ್‌ಡಿ ಎಂಬುದರ ಸಿಡಿ ಇಸಿದುಕೊಂಡು, ಕರ್ಚೀಫಿನಲ್ಲಿ ಸುತ್ತಿ ಮಂಚೇನಹಳ್ಳಿ ದಾರಿಯಾಗಿ ತಂದಳು. ಅದಕ್ಕೆಂದೇ ಇನ್ನೊಂದು ಡಿಸ್ಕ್ ಹಾಕಿದಳು. ಡಿಸ್ಕ್ ಎಂದರೆ ಎಲ್ಲವನ್ನೂ ಬರೆದಿಟ್ಟುಕೊಳ್ಳುವ, ಅಂಗೈ ಅಗಲದ ಕಬ್ಬಿಣದ ಡಬ್ಬಿ. ಹಳೆಯದರಲ್ಲಿ ಲಿನಕ್ಸ್ ಮತ್ತು ಅವಳ ಪ್ರಾಜೆಕ್ಟ್, ಹೊಸದರಲ್ಲಿ ಈ ಹೊಸ ಸಿಸ್ಟಮ್. ಹಾಕುವಾಗ ಟಾರ್ಚು ಹಿಡಿದವಳು ನಾನು.

ಆಗ ನನಗೆ ಬಹಳ ಕುತೂಹಲ. ಎರಡರಲ್ಲೂ ಹೇಳುವ ಮಾತು ಒಂದೇ ಎನ್ನುತ್ತಿದ್ದಳು. ಪಟ್ಟಿ ಬೇಕೆಂದರೆ ಅದೇ ಎರಡಕ್ಷರ, ನಕಲು ಮಾಡೆಂದರೆ ಅದೇ ಎರಡಕ್ಷರ. ಆದರೆ ಅದೇ ಡಿಸ್ಕನ್ನು ಒಂದು ಸಿಸ್ಟಮ್ ಒಂದು ಹೆಸರಿನಿಂದ ಕರೆಯುತ್ತದೆ, ಇನ್ನೊಂದು ಬೇರೆ ಹೆಸರಿನಿಂದ. ನಮ್ಮ ಉಪ್ಪುಸಾರಿನ ಹಾಗೆ ಇರಬೇಕು ಅಂದುಕೊಂಡೆ. ನನ್ನ ತವರಿನಲ್ಲೂ ಅದೇ ಕಾಳು, ಅದೇ ಸೊಪ್ಪು, ಇಲ್ಲೂ ಅದೇ. ಖಾರ ಅರೆಯುವುದು ಮಾತ್ರ ಬೇರೆ. ಬಂದ ಹೊಸದರಲ್ಲಿ ನಾನು ಅರೆದ ಖಾರ ಯಾರ ಬಾಯಿಗೂ ಹಿಡಿಸಲಿಲ್ಲ.

ನನ್ನ ಅತ್ತೆಗೆ ಮಾತ್ರ ಆ ಸಿಡಿ ಬಂದ ದಿನದಿಂದ ಸಮಾಧಾನವಿರಲಿಲ್ಲ. ಅದರ ಕಾಗದದ ಮೇಲೆ ಕೊಂಬು, ಬಾಲ, ಕೈಯಲ್ಲೊಂದು ಕವೆಗೋಲು ಇದ್ದ ಕೆಂಪು ಮರಿಯ ಚಿತ್ರವಿತ್ತು. ಅತ್ತೆ ಬಾಗೇಪಲ್ಲಿ ಕಡೆಯವರು, ಹೆದರಿಕೆಯಾದರೆ ತೆಲುಗು ಬರುತ್ತದೆ. "ಅಯ್ಯೋ ದೇವುಡಾ, ದೆಯ್ಯಂ! ದೆವ್ವನ ದುಡ್ಡು ಕೊಟ್ಟು ಮನೆಗೆ ತಂದವ್ಳೆ ನೋಡು."

"ದುಡ್ಡು ಕೊಟ್ಟಿಲ್ಲಮ್ಮ, ಪುಕ್ಸಟ್ಟೆ," ಎಂದಿದ್ದಳು ನಾದಿನಿ.

"ಪುಕ್ಸಟ್ಟೆ ಬರೋ ದೆವ್ವ ಇನ್ನೂ ಕೆಟ್ಟದ್ದು ಕಣೇ."

ಈಗ ಆಯುಧಪೂಜೆಯ ದಿನ ನಾನು ಮಾಡಿದ್ದನ್ನು ಹೇಳಬೇಕು. ಹಬ್ಬದ ಹಿಂದಿನ ದಿನವೇ ನಾದಿನಿ ಯಂತ್ರ ಮುಚ್ಚಿ ಚಿಂತಾಮಣಿಯ ಗೆಳತಿಯ ಮನೆಗೆ ಹೋಗಿಬಿಟ್ಟಿದ್ದಳು. ಪ್ರತಿ ವರ್ಷ ಹಾಗೆಯೇ. ಅರಿಶಿನ ಕುಂಕುಮದ ದಿನ ಯಾರ ಕಣ್ಣಿಗೂ ತಾನು ಅಡ್ಡ ಬರಬಾರದೆಂದು ಹೊರಡುತ್ತಿದ್ದಳು. ಹೋಗಬೇಡ ಎನ್ನಲು ನನಗೆ ಮನೆಯಲ್ಲಿ ಅಷ್ಟು ದನಿ ಇರಲಿಲ್ಲ. ಅವಳು ಇರದಿದ್ದರೂ ಅವಳ ಆಯುಧಕ್ಕೆ ಪೂಜೆ ತಪ್ಪಬಾರದು ಎಂದು ಮಾತ್ರ ನಿಶ್ಚಯಿಸಿದೆ. ಕತ್ತಿ, ಕುಡುಗೋಲು, ಹುಳುವಿನ ತಟ್ಟೆ, ಯಜಮಾನರ ಮೋಟಾರು ಎಲ್ಲಕ್ಕೂ ಆದ ಮೇಲೆ ಕಂಪ್ಯೂಟರಿಗೆ ಬಂದೆ. ನಮ್ಮಲ್ಲಿ ಒಂದೊಂದು ಆಯುಧವನ್ನೂ ಬಿಡಿಸಿ ತೊಳೆದು ಪೂಜೆ ಮಾಡುವುದು ವಾಡಿಕೆ. ನೇಗಿಲಿಗೆ ನೊಗ ಬಿಚ್ಚುತ್ತೇವೆ, ಮೋಟಾರಿಗೆ ಮುಚ್ಚಳ ತೆಗೆಯುತ್ತೇವೆ. ಡಬ್ಬದ ಪಕ್ಕದ ತಗಡಿಗೆ ಅವಳು ತಿರುಪು ಹಾಕದೆ ಸುಮ್ಮನೆ ಒರಗಿಸಿಟ್ಟಿದ್ದಳು. ನಾನು ಅದನ್ನು ತೆಗೆದು, ಎರಡು ಡಿಸ್ಕನ್ನೂ ವೈರಿನಿಂದ ಬಿಡಿಸಿ ಹೊರಗೆ ಎಳೆದುಕೊಂಡು, ಒಣಬಟ್ಟೆಯಲ್ಲಿ ಒರೆಸಿ, ಮಣೆಯ ಮೇಲಿಟ್ಟು, ವಿಭೂತಿ ಎಳೆದು ಕುಂಕುಮ ಇಟ್ಟೆ. ಒಂದೊಂದು ಸೇವಂತಿಗೆ. ಅವಳಿಗೆ ಒಳ್ಳೆಯದಾಗಲಪ್ಪ ವೆಂಕಟರಮಣ ಎಂದು ಕೈ ಮುಗಿದೆ.

ತಿರುಗಿ ಇಡುವಾಗ ನನ್ನ ಮನಸ್ಸಿಗೆ ಒಂದು ಬಂತು. ಹೊಸ ಡಿಸ್ಕ್ ಮೇಲಿನ ಗೂಡಿನಲ್ಲಿತ್ತು, ಹಳೆಯದು ಕೆಳಗೆ. ಪೂಜೆಯ ದಿನ ಹಿರಿಯದನ್ನು ಕೆಳಗೆ ಕೂರಿಸಿ ಕಿರಿಯದನ್ನು ಮೇಲೆ ಕೂರಿಸುವುದೇ? ಹಳೆಯದನ್ನು ಮೇಲಿಟ್ಟೆ, ಹೊಸದನ್ನು ಕೆಳಗೆ. ಮೇಲಿದ್ದ ವೈರು ಮೇಲಿನದಕ್ಕೆ, ಕೆಳಗಿದ್ದದ್ದು ಕೆಳಗಿನದಕ್ಕೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡೆ.

ಹಾಗಾಗಿ ಬೆಳಗಿನ ಮೊದಲ ಬಸ್ಸಿಗೆ ವಾಪಸ್ ಬಂದಿದ್ದ ನಾದಿನಿಯ ಕೂಗು ಕೇಳಿದಾಗ ನನ್ನ ತಲೆಗೆ ಬಂದದ್ದು ವಿಭೂತಿ. ಎಲ್ಲೋ ಒಳಗೆ ಪುಡಿ ಬಿದ್ದಿದೆ, ನಾನೇ ಕೆಡಿಸಿದೆ ಅಂದುಕೊಂಡೆ. ಕೊಚ್ಚಿದ ಸೊಪ್ಪನ್ನು ಹುಳುವಿಗೆ ಉದುರಿಸಿ ಒಳಗೆ ಹೋದೆ.

ಪರದೆ ಕಪ್ಪಾಗಿತ್ತು, ಅದರ ತುಂಬ ಬಿಳಿ ಅಕ್ಷರ. ಕೊನೆಯ ಸಾಲಿನಲ್ಲಿ ಒಂದು ಪದ ಬಂದು, ಅದರ ಪಕ್ಕದಲ್ಲಿ ಬಾಣದ ಮೂತಿಯಂಥ ಗುರುತು ಬಂದು, ಎಲ್ಲ ನಿಂತಿತ್ತು. ಎಸ್ಸೆಸ್ಸೆಲ್ಸಿ ಓದಿದವಳು ನಾನು, ಒಂದೊಂದೇ ಅಕ್ಷರ ಕೂಡಿಸಿದೆ. ಮೌಂಟ್‌ರೂಟ್.

"ಏನೇ ಹಂಗಂದ್ರೆ?"

"ರೂಟ್ ಅಂದ್ರೆ ಬೇರು ಅತ್ಗೆ. ಬೇರು ಎಲ್ಲಿದೆ, ನಂಗೆ ಸಿಗ್ತಿಲ್ಲ, ನೀನೇ ಹೇಳು ಅಂತ ಕೇಳ್ತೈತೆ."

ಹೆದರಿಕೆಯ ನಡುವೆಯೂ ನನಗೆ ಆಶ್ಚರ್ಯವಾಯಿತು. ಕೆಟ್ಟುಹೋದ ಯಂತ್ರ ಸದ್ದು ಮಾಡುತ್ತದೆ, ಹೊಗೆ ಬಿಡುತ್ತದೆ, ಸುಮ್ಮನಾಗುತ್ತದೆ. ಹೀಗೆ ನಿಂತು ಪ್ರಶ್ನೆ ಕೇಳುವುದನ್ನು ನಾನು ನೋಡಿರಲಿಲ್ಲ. "ಗೊತ್ತಿಲ್ಲ ಅಂದ್ರೆ ಅದನ್ನೇ ವಾಪಸ್ ಕೇಳ್ಬೌದಾ?" ಎಂದೆ.

"ಕೇಳ್ಬೌದು," ಎಂದು ಅವಳು ಪ್ರಶ್ನೆಯ ಚಿಹ್ನೆ ಒತ್ತಿದಳು. ತನಗೆ ಕಾಣುವ ಡಿಸ್ಕುಗಳ ಹೆಸರನ್ನೆಲ್ಲ ಅದು ಸಾಲಾಗಿ ಹೇಳಿತು. ಅವಳು ಅದನ್ನು ಎರಡೆರಡು ಸಲ ಓದಿದಳು.

"ಹೋಯ್ತು ಅತ್ಗೆ. ಮೊದಲ್ನೇ ಡಿಸ್ಕಲ್ಲಿ ಲಿನಕ್ಸ್ ಇರ್ಬೇಕು. ಅಲ್ಲಿ ಈ ಹೊಸಾ ಸಿಸ್ಟಮ್ಮೇ ಕಾಣ್ತೈತೆ. ನನ್ನ ಹಳೇದ್ರ ಮೇಲೆ ಇದು ಬರ್ಕೊಂಬಿಟ್ಟೈತೆ."

"ಪ್ರಾಜೆಕ್ಟು?"

"ಅದ್ರಲ್ಲೇ ಇದ್ದಿದ್ದು."

"ಫ್ಲಾಪೀಲಿ ಒಂದು ನಕಲು ಇಟ್ಟಿದ್ದೆ ಅಂದ್ಯಲ್ಲ?"

"ಅದು ಹದಿನೈದು ದಿನದ ಹಳೇದು. ಜ್ವರದ ಲೆಕ್ಕ ಒಂದೂ ಇಲ್ಲ ಅದ್ರಲ್ಲಿ."

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ನಾನ್ ಹೇಳ್ಲಿಲ್ವಾ? ಕೊಂಬಿರೋದನ್ನ ಒಳಗೆ ಬಿಟ್ಕೊಂಡ್ರೆ ಸುಮ್ನೆ ಮೂಲೇಲಿ ಕೂರುತ್ತಾ? ಎಲ್ಲಾ ತಿಂದ್ಹಾಕ್ತು."

"ಸುಮ್ನಿರಮ್ಮ," ಎಂದಳು ನಾದಿನಿ, ಆದರೆ ದನಿಯಲ್ಲಿ ಬಲವಿರಲಿಲ್ಲ. "ತಪ್ಪು ನಂದೇ. ಒಂದು ನೆಟ್ಟಗೆ ಓಡ್ತಿದ್ದಾಗ ಇನ್ನೊಂದು ತಂದು ಮೆರೆದೆ. ಆದ್ರೆ ಮೊನ್ನೆ ಮುಚ್ಚಿದಾಗ ಎರಡೂ ಚೆನ್ನಾಗಿ ಏಳ್ತಿದ್ವು. ಯಾರಾದ್ರೂ ಮುಟ್ಟಿದ್ರಾ ಅತ್ಗೆ?"

"ಪೂಜೆ ಮಾಡ್ದೆ," ಎಂದೆ. "ಕುಂಕುಮ ಇಟ್ಟೆ ಅಷ್ಟೆ."

ಈ ‘ಅಷ್ಟೆ’ ಎಂಬುದು ನನ್ನ ಬಾಯಿಂದ ಹೇಗೆ ಬಂತೋ ಇಂದಿಗೂ ನನಗೆ ನಾಚಿಕೆ. ಪ್ರತಿ ಶನಿವಾರ ಒಪ್ಪತ್ತು ಇರುವವಳು ನಾನು. ಅತ್ತೆ ದೆವ್ವದ ಮೇಲೆ ಹಾಕಿದರು, ನಾದಿನಿ ತನ್ನ ಮೇಲೆ ಹಾಕಿಕೊಂಡಳು. ನಾನು ಇಬ್ಬರ ಹಿಂದೆಯೂ ಸೆರಗು ಹೊದ್ದು ನಿಂತೆ. ಆ ಕೆಂಪು ಮರಿ ಪಾಪ, ನನ್ನ ಪಾಲನ್ನೂ ಹೊತ್ತುಕೊಂಡಿತು.

ನಾದಿನಿ ಅರ್ಧ ಗಂಟೆ ಪುಸ್ತಕ ತಿರುವಿದಳು, ಏನೇನೋ ಒತ್ತಿದಳು, ಮತ್ತೆ ಮತ್ತೆ ಆರಿಸಿ ಹಚ್ಚಿದಳು. ಪ್ರತಿ ಸಲವೂ ಅದು ಅದೇ ಪ್ರಶ್ನೆಗೆ ಬಂದು ನಿಂತಿತು. ಕಡೆಗೆ ಕಣ್ಣು ಒರೆಸಿಕೊಂಡು ನೆಟ್ಟಗೆ ಕೂತಳು. ಆ ಕೂರುವುದನ್ನು ನಾನು ಬಲ್ಲೆ. ಮೂಲೆಯಿಂದ ಎದ್ದು ಓದುತ್ತೀನಿ ಎಂದ ದಿನವೂ ಹಾಗೆಯೇ ಕೂತಿದ್ದಳು.

"ಒಂದು ದಾರಿ ಐತೆ ಅತ್ಗೆ. ಮೊದಲ್ನೇ ಡಿಸ್ಕ್ ಮುಟ್ಟಲ್ಲ. ಅದ್ರ ಕೆಳಗೆ ನನ್ನ ಫೈಲು ಇನ್ನೂ ಇದ್ರೂ ಇರ್ಬೌದು. ಎರಡ್ನೇದ್ರಲ್ಲಿ ನಂದೇನೂ ಇಲ್ಲ, ಬರೀ ಹೊಸಾ ಸಿಸ್ಟಮ್ಮು. ಅದನ್ನ ಪೂರ್ತಿ ಅಳಿಸಿ, ಅಲ್ಲಿ ಹೊಸದಾಗಿ ಲಿನಕ್ಸ್ ಹಾಕಿ, ಅಲ್ಲಿಂದ ಮೊದಲ್ನೇದನ್ನ ತಡಕಾಡ್ತೀನಿ."

ಲಿನಕ್ಸಿನ ಸಿಡಿ ಒಳಗೆ ಹೋಯಿತು. ಗುಂಯ್ ಎಂದು ತಿರುಗತೊಡಗಿತು. ಹನ್ನೊಂದಕ್ಕೆ ಕರೆಂಟು ಹೋಗುತ್ತದೆ, ಅಷ್ಟರಲ್ಲಿ ಮುಗಿಸಬೇಕೆಂದು ಅವಳಿಗೆ ಆತುರ. ನನಗೋ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಅದು ಜಾಣತನವಲ್ಲ, ಬರೀ ತಿಳಿದುಕೊಳ್ಳುವ ಆಸೆ. ಒಂದೇ ಅಳತೆಯ, ಒಂದೇ ಬಣ್ಣದ ಎರಡು ಡಬ್ಬಿ. ಅದರೊಳಗೆ ಕಣ್ಣಿಲ್ಲ, ಮೂಗಿಲ್ಲ.

"ಅಲ್ಲ ಕಣೇ, ಇದು ಮೊದಲ್ನೇದು, ಇದು ಎರಡ್ನೇದು ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ? ವಯಸ್ಸು ನೋಡುತ್ತಾ?"

ಅವಳು ಅಷ್ಟು ಸಂಕಟದಲ್ಲೂ ಸಣ್ಣಗೆ ನಕ್ಕಳು. "ಅದಕ್ಕೆಲ್ಲಿ ವಯಸ್ಸು ಗೊತ್ತಾಗುತ್ತೆ ಅತ್ಗೆ? ಯಾವ ವೈರಿಗೆ ಸಿಕ್ಸಿರ್ತೀವೋ ಅಷ್ಟೆ. ಕೆಳಗಿನ ವೈರಲ್ಲಿ ಇರೋದು ಮೊದಲ್ನೇದು, ಮೇಲಿನ ವೈರಲ್ಲಿ ಇರೋದು ಎರಡ್ನೇದು. ಬೇರು ಹುಡುಕೋದೂ ಆ ಲೆಕ್ಕದ ಮೇಲೇ."

ಮೇಲಿನ ವೈರಿನಲ್ಲಿ ಈಗ ಇದ್ದದ್ದು ಹಳೆಯದು. ಅವಳು ಅಳಿಸಲು ಹೊರಟಿದ್ದ ಎರಡನೆಯದೇ ಅವಳ ಪ್ರಾಜೆಕ್ಟು. ಪರದೆಯ ಮೇಲೆ ನೀಲಿ ಬಣ್ಣ ಬಂದು ಏನೋ ಕೇಳಿತು, ಅವಳ ಬೆರಳು ಕೀಲಿಯ ಮೇಲಿತ್ತು.

"ನಿಲ್ಲೇ!" ಎಂದು ಅವಳ ಕೈಯನ್ನೇ ಹಿಡಿದುಕೊಂಡೆ. ಸೊಪ್ಪಿನ ಹಸಿರು ಅವಳ ಮುಂಗೈಗೆಲ್ಲ ಹತ್ತಿತು. "ಹಳೇದು ಮೇಲೈತೆ. ನಾನೇ ಇಟ್ಟೆ."

"ಏನು ಮೇಲೈತೆ?"

"ಡಿಸ್ಕು. ಪೂಜೆಗೆ ಅಂತ ಎರಡೂ ಆಚೆ ತೆಗ್ದಿದ್ದೆ. ಹಿರೀದು ಕೆಳಗಿರ್ಬಾರ್ದು ಅಂತ ಮೇಲಿಟ್ಟು ಮೇಲಿನ ವೈರೇ ಸಿಕ್ಸಿದೆ. ಕುಂಕುಮ ಅಷ್ಟೆ ಅಂದಿದ್ದು ಸುಳ್ಳು."

ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಯಂತ್ರ ಆರಿಸಿ, ತಗಡು ತೆಗೆದು, ಟಾರ್ಚು ನನ್ನ ಕೈಗೆ ಕೊಟ್ಟಳು. ಒಳಗೆ ಎರಡು ಡಿಸ್ಕೂ ವಿಭೂತಿ ಧರಿಸಿಕೊಂಡು ಕೂತಿದ್ದವು. ಸೇವಂತಿಗೆಯ ಎರಡು ಎಸಳು ಕೆಳಗೆ ಬಿದ್ದಿದ್ದವು. ಅವಳು ಎಸಳು ಹೆಕ್ಕಿ ನನ್ನ ಅಂಗೈಯಲ್ಲಿಟ್ಟು, "ಹೂವೂ ಬೇರೆ," ಎಂದಳು. ಆಗ ಅವಳ ತುಟಿ ಅಲುಗಿತು, ಅಳುವೋ ನಗುವೋ ಗೊತ್ತಾಗಲಿಲ್ಲ. ಎರಡನ್ನೂ ಬಿಡಿಸಿ ಹಳೆಯದನ್ನು ಕೆಳಗಿಟ್ಟಳು, ಹೊಸದನ್ನು ಮೇಲಿಟ್ಟಳು. ಕುಂಕುಮವನ್ನು ಮಾತ್ರ ಒರೆಸಲಿಲ್ಲ.

"ಹಂಗಾದ್ರೆ ದೆಯ್ಯಂ ಅಲ್ವಾ?" ಎಂದರು ಅತ್ತೆ, ಸ್ವಲ್ಪ ನಿರಾಶೆಯಿಂದ.

"ಅಲ್ಲಮ್ಮ. ನಿನ್ನ ಸೊಸೆ."

"ಅವ್ಳನ್ನ ನಾನೇ ನೋಡಿ ತಂದಿದ್ದು, ಅವ್ಳಿಗೇನೂ ಅನ್ಬೇಡ," ಎಂದು ಅತ್ತೆ ಅಂದದ್ದು ನನಗೆ ಕುಟುಕಿದ ಹಾಗೂ ಇತ್ತು, ಕಾಪಾಡಿದ ಹಾಗೂ ಇತ್ತು. ಹತ್ತು ವರ್ಷದಲ್ಲಿ ಅವರು ನನ್ನ ಪರವಾಗಿ ಅಂಥ ಮಾತು ಆಡಿದ್ದು ಅದೇ ಮೊದಲು. ಅದನ್ನೂ ಆ ದಿನದ ಉಪಕಾರಗಳಲ್ಲಿ ಸೇರಿಸಿಕೊಂಡೆ.

ಗುಂಡಿ ಒತ್ತಿದಳು. ಯಾವ ಸಿಸ್ಟಮ್ ಬೇಕೆಂದು ಕೇಳುವ ಹಳೆಯ ಪಟ್ಟಿ ಬಂತು. ಲಿನಕ್ಸ್ ಎಂದಳು. ಸಾಲುಗಳು ಓಡಿದವು. ಅರ್ಧಕ್ಕೆ ನಿಂತವು. ಒಂದು ಕಡೆ ನೂರಕ್ಕೆ ಇಷ್ಟು ಎಂಬ ಅಂಕಿ ಬಂದು ಆಮೆಯಂತೆ ಏರತೊಡಗಿತು.

"ಮತ್ತೇನಾಯ್ತೇ?"

"ಏನಿಲ್ಲ. ಇಷ್ಟು ಸಲ ಎದ್ದ ಮೇಲೆ ಒಂದ್ಸಲ ಡಿಸ್ಕೆಲ್ಲಾ ತಡವಿ ನೋಡ್ಕೊಳುತ್ತೆ. ಇವತ್ತೇ ಆ ಸರದಿ ಬರ್ಬೇಕಾ! ನಡುವೇನೇ ನಿಲ್ಲಿಸ್ಲಾ? ಕರೆಂಟು ಹೋದ್ರೆ ಕಷ್ಟ."

ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ಅವಳ ಕೈ ಗುಂಡಿಯ ಹತ್ತಿರ ಹೋಯಿತು. ಈ ವಿದ್ಯೆ ನನಗೆ ಗೊತ್ತಿಲ್ಲ. ಆದರೆ ಬಾಯಿ ಮುಚ್ಚಿ ಅಲುಗದೆ ಕೂತದ್ದನ್ನು ಏನು ಮಾಡಬೇಕೆಂದು ಗೊತ್ತು. "ಜ್ವರಕ್ಕೆ ಕೂತಿರೋ ಹುಳಾನ ಮುಟ್ತೀಯಾ?" ಎಂದೆ. "ಅದರ ಪಾಡಿಗೆ ಬಿಡು. ತಾನೇ ಏಳುತ್ತೆ."

ಅವಳು ಕೈ ಹಿಂದಕ್ಕೆ ತೆಗೆದಳು. ಮೂವರೂ ಸಾಲಾಗಿ ನಿಂತು ಅಂಕಿ ನೋಡಿದೆವು. ಅತ್ತೆಗೆ ಅಂಕಿ ಓದಲು ಬರುವುದಿಲ್ಲ, "ಈಗೆಷ್ಟು, ಈಗೆಷ್ಟು?" ಎಂದು ಕೇಳುತ್ತಲೇ ಇದ್ದರು. ಎಪ್ಪತ್ತರಲ್ಲಿ ಬಹಳ ಹೊತ್ತು ನಿಂತಿತು. ನಾನು ಮನಸ್ಸಿನಲ್ಲಿ ಗೋವಿಂದನ ನಾಮ ಹೇಳಿಕೊಳ್ಳುತ್ತಿದ್ದೆ, ಎಷ್ಟು ಹೇಳಿದೆನೋ ತಿಳಿಯದು. ನೂರಾಯಿತು. ಸಾಲುಗಳು ಮತ್ತೆ ಓಡಿದವು, ಅವಳ ಹೆಸರು ಕೇಳಿತು, ಹೇಳಿದಳು. ಎರಡಕ್ಷರ ಒತ್ತಿ ಪಟ್ಟಿ ತೆಗೆದಳು. ಪ್ರಾಜೆಕ್ಟಿನ ಫೈಲುಗಳೆಲ್ಲ ಇದ್ದವು. ಜ್ವರದ ಲೆಕ್ಕ ಮೊದಲನೆಯದರಿಂದ ನಾಲ್ಕನೆಯದರವರೆಗೆ ಒಂದೂ ಬಿಡದೆ ಇತ್ತು.

ಮೊದಲು ಫ್ಲಾಪಿ ಹಾಕಿ ನಕಲು ತೆಗೆದಳು. ಇನ್ನೊಂದು ಫ್ಲಾಪಿಗೂ ತೆಗೆದಳು. ಎರಡನ್ನೂ ತಿರುಗಿ ತೆರೆದು ಓದಿ ನೋಡಿದಳು. ಹನ್ನೊಂದಕ್ಕೆ ಹೋಗಬೇಕಾಗಿದ್ದ ಕರೆಂಟು ಹನ್ನೊಂದೂ ಹತ್ತಕ್ಕೆ ಹೋಯಿತು. ಆ ಹತ್ತು ನಿಮಿಷ ಯಾರು ಕೊಟ್ಟರು ಎಂದು ನನ್ನನ್ನು ಕೇಳಿದರೆ ನನಗೆ ಗೊತ್ತಿರುವ ಹೆಸರು ಒಂದೇ.

ಕತ್ತಲಾದ ಪರದೆಯ ಮುಂದೆ ಕೂತು ಅವಳು ಕೇಳಿದಳು. "ಆಗ್ಲೇ ಹೇಳ್ಬಾರ್ದಿತ್ತಾ ಅತ್ಗೆ?"

"ಹೆದ್ರಿಕೆ ಆಯ್ತು ಕಣೇ. ನಿಂಗೆ ಒಳ್ಳೇದಾಗ್ಲಿ ಅಂತ ಮಾಡಿದ್ದೇ ನಿನ್ನ ಮುಳುಗಿಸ್ತಲ್ಲ ಅಂತ."

ಅವಳು, "ನೀನು ಆ ಪ್ರಶ್ನೆ ಕೇಳ್ದೆ ಇದ್ದಿದ್ರೆ ಅಳಿಸೇ ಬಿಡ್ತಿದ್ದೆ," ಎಂದಳು. ಆಮೇಲೆ ಬೇರೆಯ ದನಿಯಲ್ಲಿ ಹೇಳಿದಳು. "ಮುಂದಿನ ವರ್ಷ ಹಬ್ಬಕ್ಕೆ ನಾನು ಇಲ್ಲೇ ಇರ್ತೀನಿ. ಡಬ್ಬ ಬಿಚ್ಚೋದು ನಾನು, ಕುಂಕುಮ ಇಡೋದು ನೀನು."

ಅತ್ತೆ ಏನಾದರೂ ಅನ್ನುತ್ತಾರೇನೋ ಎಂದು ನೋಡಿದೆ. ಅವರು ಕಿಟಕಿಯ ಕಡೆ ತಿರುಗಿ, "ಬಸ್ಸು ಬರೋ ಹೊತ್ತಾಯ್ತು, ಹೊರಡೇ," ಎಂದರು, ಅಷ್ಟೆ. ಬೇಡ ಅನ್ನಲಿಲ್ಲ.

ಅಚ್ಚು ಹಾಕಿಸಲು ಅಂದೇ ಚಿಕ್ಕಬಳ್ಳಾಪುರಕ್ಕೆ ಹೋಗಬೇಕಾಗಿತ್ತು. ಫ್ಲಾಪಿ ಎರಡನ್ನೂ ಬೇರೆ ಬೇರೆ ಕಡೆ ಇಟ್ಟುಕೊಂಡಳು, ಒಂದು ಚೀಲದಲ್ಲಿ, ಒಂದು ಕರ್ಚೀಫಿನಲ್ಲಿ ಸುತ್ತಿ ಕೈಯಲ್ಲಿ. ಮೇಲೂರಿನ ಕಡೆಯಿಂದ ಬಂದ ಬಸ್ಸಿಗೆ ನಾನೇ ಹತ್ತಿಸಿ ಬಂದೆ. ಪರೀಕ್ಷಕರು ಮರುದಿನ ಹುಳುವಿನ ಜ್ವರದ ಬಗ್ಗೆಯೇ ಬಹಳ ಕೇಳಿದರಂತೆ, ಅವರಿಗೂ ಹೊಸದು. ಆ ವರ್ಷವೇ ಅವಳು ಪಾಸಾದಳು, ಚಿಂತಾಮಣಿಯ ಕೆಲಸವೂ ಸಿಕ್ಕಿತು. ಅದೆಲ್ಲ ಆಮೇಲಿನ ಮಾತು. ಬಸ್ಸು ತಿರುವಿನಲ್ಲಿ ಮರೆಯಾದಾಗ ನನಗೆ ನೆನಪಾದದ್ದು ಬೆಳಗ್ಗೆಯಿಂದ ಮನೆಯಲ್ಲಿ ಯಾರೂ ಏನೂ ತಿಂದಿಲ್ಲ, ಅವಳೂ ಬರಿ ಕಾಫಿಯ ಮೇಲೆ ಹೋದಳು ಎಂಬುದು. ಬಂದವಳೇ ಕೈ ತೊಳೆದು, ಒಲೆ ಹಚ್ಚಿ, ಮುದ್ದೆಗೆ ಎಸರಿಟ್ಟು, ರಾಗಿಹಿಟ್ಟು ಜರಡಿ ಹಿಡಿಯಲು ಕೂತೆ.